ಅಂಬಿಗನ ಹದಿಮೂರನೇ ಮಟ್ಟ

ಒಸಾಕಾ
೧೭ ಫೆಬ್ರವರಿ ೨೦೧೭

ಕುರಮೋಚಿ ಸೆತ್ಸುವೊ ಅವರಿಗೆ,

ತೆಮ್ಮಾ ಗುಡಿಯಲ್ಲಿ ಪ್ಲಮ್ ಹೂ ಬಿಟ್ಟಿದೆ, ಚಳಿ ಮಾತ್ರ ಇನ್ನೂ ಬಿಟ್ಟಿಲ್ಲ. ಇಮಾಬರಿಯಲ್ಲಿ ಕಡಲ ಗಾಳಿ ಹೇಗಿದೆಯೋ. ಇಪ್ಪತ್ತಾರು ವರ್ಷದ ಮೇಲೆ ಹೂವಿನ ಸುದ್ದಿಯಿಂದ ಶುರು ಮಾಡಲು ನಾಚಿಕೆಯಾಗುತ್ತದೆ. ಆದರೆ ಪತ್ರವನ್ನು ಬೇರೆ ರೀತಿಯಲ್ಲಿ ಶುರು ಮಾಡುವುದನ್ನು ನನಗೆ ಯಾರೂ ಕಲಿಸಿಲ್ಲ.

ನಾನು ನಗಾತಾನಿ ಫುಮಿಯೆ. ತೊಬಿಇಶಿ ಕಂಪನಿಯಲ್ಲಿ ನಿಮ್ಮ ಎದುರಿನ ಮೇಜಿನಲ್ಲಿ ಕೂರುತ್ತಿದ್ದವಳು. ‘ಏಳು ಸೇತುವೆಗಳ ನಾಡು’ ವಿಡಿಯೊ ಆಟಕ್ಕೆ ಪಾತ್ರಗಳ ವೃತ್ತಿಗಳ ಪಟ್ಟಿ ಬರೆದವಳು ನಾನು, ಅದನ್ನು ಯಂತ್ರಕ್ಕೆ ತುಂಬಿದವರು ನೀವು. ಆ ಆಟದ ರೀಮೇಕ್ ಈಗ ತಯಾರಾಗುತ್ತಿದೆ. ನನಗೆ ನಿವೃತ್ತಿಯಾಗಿದೆ, ಆದರೂ ಸಲಹೆಗಾರ್ತಿಯೆಂದು ವಾರಕ್ಕೆರಡು ದಿನ ಕರೆಯುತ್ತಾರೆ. ಹೋಗಿ ಚಹಾ ಕುಡಿದು ಬರುತ್ತೇನೆ.

ನಿಮ್ಮಿಂದ ಒಂದು ಸಣ್ಣ ಸಹಾಯ ಬೇಕು. ಆಟದಲ್ಲಿ ಅಂಬಿಗ ಎಂಬ ವೃತ್ತಿ ಇತ್ತಲ್ಲ, ಯಾರೂ ಆರಿಸಿಕೊಳ್ಳದಿದ್ದ ಬಡಪಾಯಿ. ಅವನಿಗೆ ‘ಆಚೆ ದಡ’ ಎಂಬ ವಿದ್ಯೆ ಎಷ್ಟನೇ ಮಟ್ಟದಲ್ಲಿ ಒಲಿಯುತ್ತಿತ್ತು? ಸೋಲುವ ಹೊತ್ತಿಗೆ ಇಡೀ ತಂಡವನ್ನು ಕಾಳಗದಿಂದ ಪಾರು ಮಾಡುತ್ತಿದ್ದ ವಿದ್ಯೆ ಅದು. ನೆನಪಿರುವ ಅಂಕಿಯನ್ನು ಜೊತೆಯಲ್ಲಿರುವ ಕಾರ್ಡಿನ ಮೇಲೆ ಬರೆದು ಕಳಿಸಿದರೆ ಸಾಕು. ಕಾರಣವೇನೂ ದೊಡ್ಡದಲ್ಲ.

ವಂದನೆಗಳೊಂದಿಗೆ,
ನಗಾತಾನಿ ಫುಮಿಯೆ

*

ಇಮಾಬರಿ
೨ ಮಾರ್ಚ್ ೨೦೧೭

ನಗಾತಾನಿಯವರೇ,

ಹೂವಿನ ಮಾತು ಬಿಡುತ್ತೇನೆ. ನಿಮ್ಮ ಕಾರ್ಡನ್ನು ಖಾಲಿಯಾಗಿಯೇ ವಾಪಸು ಕಳಿಸುತ್ತಿದ್ದೇನೆ, ಅಂಚೆಚೀಟಿ ದಂಡವಾಗಬಾರದು.

ಕಾರಣ ದೊಡ್ಡದಲ್ಲದಿದ್ದರೆ ಇಪ್ಪತ್ತಾರು ವರ್ಷದ ಮೇಲೆ ನನ್ನ ವಿಳಾಸ ಹುಡುಕುವ ಕಷ್ಟ ಯಾಕೆ ಪಟ್ಟಿರಿ? ಯಾರು ಕೊಟ್ಟರು ಅದನ್ನು? ಆಟದ ಮೂಲ ಫ್ಲಾಪಿಗಳು ನಿಮ್ಮಲ್ಲಿ ಕಳೆದುಹೋಗಿರಬೇಕು, ಅವು ನನ್ನ ಹತ್ತಿರ ಇವೆಯೋ ಎಂದು ಮೂಸಿ ನೋಡುತ್ತಿದ್ದೀರಿ. ಒಂದೂ ಇಲ್ಲ. ಬರುವಾಗ ನಾನು ತಂದದ್ದು ನನ್ನ ಕೊಡೆ ಮತ್ತು ಚಹಾ ಬಟ್ಟಲು, ಎರಡೇ.

ಆ ದಿನ ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ. ೧೯೯೧ರ ಮೇ, ಆಟ ಅಂಗಡಿಗೆ ಬಂದು ಮೂರು ವಾರವಾಗಿತ್ತು. ಅಧ್ಯಕ್ಷ ಮುರೊಯ್ ತಮ್ಮ ಕೋಣೆಗೆ ಕರೆಸಿ ಹೇಳಿದರು: “ಕುರಮೋಚಿ, ನಾಳೆಯಿಂದ ಬರೋದು ಬೇಡ. ಯಾಕೆ ಅಂತ ನಿಂಗೇ ಗೊತ್ತು.” ದೇವರಾಣೆ ನನಗೆ ಗೊತ್ತಿರಲಿಲ್ಲ. ಆಟ ಗೆಲ್ಲುವ ದಾರಿ ತೋರಿಸುವ ಬೇರೆ ಪ್ರಕಾಶಕರ ಕೈಪಿಡಿಗೆ ನಮ್ಮ ವೃತ್ತಿಪಟ್ಟಿಯನ್ನು ಮಾರಿದವನು ನಾನೇ ಎಂದು ಊರೆಲ್ಲ ಆಡಿಕೊಳ್ಳುತ್ತಿದೆ ಅಂತ ನಾಲ್ಕು ದಿನದ ಮೇಲೆ ತಿಳಿಯಿತು. ನೀವು ಅಧ್ಯಕ್ಷರ ಪಕ್ಕದಲ್ಲೇ ಕೂತಿದ್ದಿರಿ. ಒಂದು ಸಲವೂ ತಲೆ ಎತ್ತಲಿಲ್ಲ.

ಆ ಅಂಕಿ ನನಗೆ ಗೊತ್ತು. ಯಾಕೆ ಬೇಕೆಂದು ಮೊದಲು ನೀವು ಹೇಳಿ.

ಕುರಮೋಚಿ ಸೆತ್ಸುವೊ

*

ಒಸಾಕಾ
೨೦ ಮಾರ್ಚ್ ೨೦೧೭

ಕುರಮೋಚಿಯವರಿಗೆ,

ಫ್ಲಾಪಿಗಳು ಕಳೆದದ್ದು ನಿಜ. ಕಚೇರಿ ಬದಲಿಸುವಾಗ ಯಾವ ಪೆಟ್ಟಿಗೆಯಲ್ಲಿ ಹೋದವೋ ಯಾರಿಗೂ ತಿಳಿಯದು. ಹಾಗಾಗಿ ರೀಮೇಕ್ ಮಾಡುವವರು ಹಳೆಯ ಕಾರ್ಟ್ರಿಜ್ಜನ್ನೇ ಟಿ.ವಿ.ಗೆ ಸಿಕ್ಕಿಸಿ ಆಡುತ್ತಾರೆ. ಒಬ್ಬ ಆಡುತ್ತಾನೆ, ಇನ್ನೊಬ್ಬ ಪಕ್ಕದಲ್ಲಿ ಕೂತು ಪ್ರತಿ ಪೆಟ್ಟನ್ನೂ ಎಣಿಸಿ ಬರೆಯುತ್ತಾನೆ. ನಾವೇ ಬರೆದ ಲೆಕ್ಕವನ್ನು ನಾವೇ ಕದ್ದು ನೋಡಿದ ಹಾಗೆ ಕಾಣುತ್ತದೆ. ನಿರ್ದೇಶಕ ತೊಕಿವಾ ಎಂಬ ಮೂವತ್ತೆರಡರ ಹುಡುಗ. ಒಳ್ಳೆಯವನು, ಆದರೆ ಅವನಿಗೆ ಎಲ್ಲವೂ ಸಲೀಸಾಗಬೇಕು.

“ಮೇಡಂ, ವೃತ್ತಿ ಬದಲಿಸಿದ್ರೆ ಒಂದನೇ ಮಟ್ಟಕ್ಕೆ ಇಳೀಬೇಕು ಅಂದ್ರೆ ಈಗಿನೋರು ಆಟಾನೇ ಎತ್ತಿಟ್ಟು ಹೋಗ್ತಾರೆ,” ಅಂದ. “ಅಂಗಿ ಬದಲಿಸಿದ ಹಾಗೆ ಬದಲಿಸ್ಕೊಳ್ಳಲಿ ಬಿಡಿ. ಬೆಳಿಗ್ಗೆ ಕಳ್ಳ, ಮಧ್ಯಾಹ್ನ ವೈದ್ಯ.”

“ಸಾಯಂಕಾಲಕ್ಕೆ ಏನಪ್ಪ?” ಅಂದೆ. ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಇಳಿಯಬೇಕು ಎಂದು ಹಟ ಹಿಡಿದು ಜಗಳ ಕಾದವರು ನೀವು. ಈಗ ಏನನ್ನುತ್ತೀರಿ?

ಫುಮಿಯೆ

*

ಇಮಾಬರಿ
೨೮ ಮಾರ್ಚ್ ೨೦೧೭

ನಗಾತಾನಿಯವರೇ,

ನನ್ನ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ನನಗೆ ಇಷ್ಟವಾದ ತಿಂಡಿಯನ್ನು ಮುಂದಿಟ್ಟಿದ್ದೀರಿ. ಗೊತ್ತಾಗುತ್ತದೆ. ಆದರೂ ತಿನ್ನುತ್ತೇನೆ, ಈ ಊರಿನಲ್ಲಿ ಇಂಥ ಮಾತಾಡುವವರು ಒಬ್ಬರೂ ಇಲ್ಲ.

ವೃತ್ತಿಯ ಆಟಗಳಲ್ಲಿ ಎರಡು ಮನೆತನ. ಒಂದರಲ್ಲಿ ವೃತ್ತಿ ಎಂದರೆ ತೊಟ್ಟು ಕಳಚುವ ಅಂಗಿ. ಯಾವಾಗ ಬೇಕಾದರೂ ಬದಲಿಸಬಹುದು, ಪ್ರತಿಯೊಂದರಿಂದ ಒಂದೊಂದು ವಿದ್ಯೆ ಹೆಕ್ಕಿಕೊಂಡು ಕೊನೆಗೆ ಎಲ್ಲರೂ ಎಲ್ಲವನ್ನೂ ಬಲ್ಲವರಾಗುತ್ತಾರೆ. ಜೋಡಣೆಯ ಮಜಾ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಕೊನೆಯ ರಾಕ್ಷಸನ ಮುಂದೆ ನಿಂತ ನಾಲ್ವರೂ ಒಂದೇ ಅಚ್ಚಿನ ಬೊಂಬೆಗಳು. ಇನ್ನೊಂದು ಮನೆತನದಲ್ಲಿ ವೃತ್ತಿ ಬಿಟ್ಟವನು ಒಂದನೇ ಮಟ್ಟಕ್ಕೆ ಇಳಿಯುತ್ತಾನೆ. ಕಲಿತ ವಿದ್ಯೆ ಮರೆಯುವುದಿಲ್ಲ, ಮೈಯಲ್ಲಿ ಅರ್ಧ ಬಲ ಉಳಿಯುತ್ತದೆ, ಉಳಿದದ್ದನ್ನು ಮತ್ತೆ ಮೊದಲ ಸೇತುವೆಯ ಕಪ್ಪೆಗಳ ಜೊತೆ ಬಡಿದಾಡಿ ಗಳಿಸಬೇಕು. ನಮ್ಮ ಆಟ ಈ ಮನೆತನದ್ದು. ಬಿಟ್ಟದ್ದು ನೋಯದಿದ್ದರೆ ಹಿಡಿದದ್ದಕ್ಕೆ ಬೆಲೆಯಿಲ್ಲ ಎಂದು ಆಗ ವಾದಿಸಿದ್ದೆ.

ಆಗ ಬಾಯಿಮಾತಿಗೆ ಹೇಳಿದ್ದು. ಆಮೇಲೆ ಮೂವತ್ತೇಳನೇ ವಯಸ್ಸಿನಲ್ಲಿ ನಾನೇ ಇಳಿದೆ. ಹೆಂಡತಿಯ ತವರಿನ ಟವೆಲ್ ಕಾರ್ಖಾನೆಯಲ್ಲಿ ಮಗ್ಗದ ಕೆಳಗಿನ ನೂಲಿನ ಧೂಳು ಗುಡಿಸುವುದರಿಂದ ಶುರು ಮಾಡಿದೆ. ಈಗ ಟವೆಲಿನ ಚಿತ್ತಾರಕ್ಕೆ ನೂಲಿನ ಲೆಕ್ಕ ಬರೆಯುತ್ತೇನೆ, ಹಳೆಯ ವಿದ್ಯೆ ಅರ್ಧ ಉಪಯೋಗಕ್ಕೆ ಬಂತು. ಇಳಿದದ್ದಕ್ಕೆ ದುಃಖವಿಲ್ಲ. ಆದರೆ ಒಸಾಕಾದ ಸುದ್ದಿ ನನಗಿಂತ ಮೊದಲೇ ಇಲ್ಲಿಗೆ ಬಂದು ಕೂತಿತ್ತು. ನಾನು ಕೋಣೆಗೆ ಕಾಲಿಟ್ಟರೆ ಮಾವನವರ ಕಣ್ಣು ಬೀರುವಿನ ಬೀಗದ ಕಡೆ ಹೋಗುತ್ತಿತ್ತು. ಒಂದು ಮಾತು ಆಡಿದವರಲ್ಲ, ಕಣ್ಣು ಮಾತ್ರ. ಹದಿನೆಂಟು ವರ್ಷ ಹೀಗೆ ನೋಡಿ ತೀರಿಕೊಂಡರು. ನಾನು ಕಳ್ಳನಲ್ಲ ಎಂದು ಅವರಿಗೆ ಹೇಳುವುದಾದರೂ ಹೇಗೆ? ಕೇಳದವರಿಗೆ ಹೇಳಿದರೆ ಒಪ್ಪಿಕೊಂಡ ಹಾಗೆ.

ನಿಮ್ಮ ತಿಂಡಿ ಮುಗಿಯಿತು. ಆ ಅಂಕಿ ಯಾಕೆ ಬೇಕು?

ಸೆತ್ಸುವೊ

*

ಒಸಾಕಾ
೯ ಜೂನ್ ೨೦೧೭

ಕುರಮೋಚಿಯವರಿಗೆ,

ಎರಡು ತಿಂಗಳಿಗೂ ಮೇಲಾಯಿತು. ಈ ಪತ್ರವನ್ನು ಐದು ಸಲ ಬರೆದು ಹರಿದೆ. ಇವತ್ತು ಹರಿಯುವುದಿಲ್ಲ.

ಹಿಂದಿನ ಆಟದ ಪಟ್ಟಿ ಹೊರಗೆ ಹೋಗಿತ್ತು, ನಿಮಗೂ ಗೊತ್ತು. ಈ ಸಲ ಇಲಿ ಹಿಡಿಯಲೇಬೇಕೆಂದು ಮುರೊಯ್ ನನ್ನ ಕೈಯಲ್ಲಿ ಒಂದು ಬೋನು ಮಾಡಿಸಿದರು. ‘ಆಚೆ ದಡ’ ಒಲಿಯುವುದು ಹನ್ನೆರಡನೇ ಮಟ್ಟದಲ್ಲಿ, ನನ್ನ ಪುಸ್ತಕದಲ್ಲಿ ಹಾಗೇ ಇತ್ತು. ಪಟ್ಟಿಯ ಕೊನೆಯ ಪ್ರತಿಯನ್ನು ಮೂವರಿಗೆ ಕೊಡಬೇಕಿತ್ತು. ಮಾರಾಟದವರ ಹಾಳೆಯಲ್ಲಿ ಹನ್ನೊಂದು ಎಂದು ಬರೆದೆ, ಅಚ್ಚಿನ ಮನೆಯವರ ಹಾಳೆಯಲ್ಲಿ ಹದಿನಾಲ್ಕು, ನಿಮ್ಮದರಲ್ಲಿ ಹದಿಮೂರು. ಯಾವ ಅಂಕಿ ಹೊರಗೆ ಅಚ್ಚಾಗುತ್ತದೋ ಆ ಹಾಳೆಯವನೇ ಕಳ್ಳ. ಅಂಬಿಗನನ್ನು ಯಾರೂ ಆಡುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಅವನನ್ನೇ ಆರಿಸಿದ್ದೆ. ನಿಮ್ಮ ಕೆಲಸ ಮುಗಿದು ಪಟ್ಟಿ ಆಗಲೇ ಯಂತ್ರ ಸೇರಿತ್ತು, ಹಾಗಾಗಿ ಆಟಕ್ಕೇನೂ ಧಕ್ಕೆಯಿಲ್ಲ ಎಂದುಕೊಂಡೆ.

ಆಟ ಬಿಡುಗಡೆಯಾದ ಹನ್ನೆರಡನೇ ದಿನ ಆ ಇನ್ನೊಬ್ಬರ ಕೈಪಿಡಿ ಬಂತು. ಅದರಲ್ಲಿ ಹದಿಮೂರು ಎಂದಿತ್ತು. ಹನ್ನೆರಡು ದಿನದಲ್ಲಿ ಇಷ್ಟೆಲ್ಲ ಎಣಿಸಲು ಯಾರಿಂದಲೂ ಆಗದು ಎಂದರು ಮುರೊಯ್. ನಾನೂ ಒಪ್ಪಿದೆ. ಅದಕ್ಕೇ ಆ ದಿನ ತಲೆ ಎತ್ತಲಿಲ್ಲ.

ಈಗ ಕೇಳಿ. ಜನವರಿಯಲ್ಲಿ ತೊಕಿವಾನ ಹುಡುಗರು ಅಂಬಿಗನನ್ನು ಆಡಿ ನೋಡಿದರು. ಕಾರ್ಟ್ರಿಜ್ಜಿನಲ್ಲೇ ಹದಿಮೂರು ಇದೆ. ಮೂರು ಸಲ ಆಡಿಸಿದೆ, ನಾನೂ ಕೂತು ನೋಡಿದೆ. ಬೋನಿನ ವಿಷಯ ನಿಮಗೆ ಮೊದಲೇ ತಿಳಿದು, ತಪ್ಪಿಸಿಕೊಳ್ಳಲೆಂದು ಯಂತ್ರಕ್ಕೂ ಅದೇ ಅಂಕಿ ತುಂಬಿದಿರಾ? ಈ ಸಂಶಯ ನನಗಿನ್ನೂ ಇದೆ, ಸುಳ್ಳು ಹೇಳುವುದಿಲ್ಲ. ಇಲ್ಲ ಎಂದಾದರೆ ಉಳಿಯುವ ಇನ್ನೊಂದು ಮಾತನ್ನು ಬರೆಯಲು ನನಗೆ ಕೈ ಬರುತ್ತಿಲ್ಲ.

ಫುಮಿಯೆ

*

ಇಮಾಬರಿ
೧೪ ಜೂನ್ ೨೦೧೭, ತುರ್ತು ಅಂಚೆ

ನಗಾತಾನಿಯವರೇ,

ನಿಮಗೆ ಕೈ ಬಾರದಿದ್ದರೆ ನಾನೇ ಬರೆಯುತ್ತೇನೆ.

೧೯೯೧ರ ಫೆಬ್ರವರಿ ಮೂರನೇ ವಾರದಲ್ಲಿ ಕಾರ್ಟ್ರಿಜ್ಜಿನಲ್ಲಿ ಜಾಗ ಸಾಲದೆ ಹೋಯಿತು. ಕೊನೆಯ ಸೇತುವೆಯ ಸಂಗೀತ ಅದರಲ್ಲಿ ಹಿಡಿಯುತ್ತಿರಲಿಲ್ಲ. ಮುಗಿದಿದ್ದ ವೃತ್ತಿಪಟ್ಟಿಯನ್ನು ಕಿತ್ತು, ಒತ್ತಿ, ಚಿಕ್ಕದು ಮಾಡಿ ಮತ್ತೆ ಕೂರಿಸಬೇಕಾಯಿತು. ಇಡೀ ಪಟ್ಟಿಯನ್ನು ಕೈಯಿಂದ ಹೊಸದಾಗಿ ಟೈಪು ಮಾಡಿದೆ. ಮೇಜಿನ ಮೇಲೆ ಎರಡು ಕಾಗದ ಇದ್ದವು. ನನ್ನ ಹಳೆಯ ಪ್ರತಿಯಲ್ಲಿ ಹನ್ನೆರಡು. ನೀವು ಆ ವಾರ ಕೊಟ್ಟ ಹಾಳೆಯಲ್ಲಿ ಹದಿಮೂರು, ಕೆಳಗೆ ನಿಮ್ಮ ಕೆಂಪು ಮೊಹರು. ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದಿತ್ತು. ಎದುರಿನ ಮೇಜು, ಎದ್ದು ಬಂದು ಕೇಳಬಹುದಿತ್ತು. ಕೇಳಲಿಲ್ಲ. ನಗಾತಾನಿ ಯೋಚಿಸದೆ ಅಂಕಿ ಮುಟ್ಟುವವಳಲ್ಲ, ಬದಲಿಸಿದ್ದಾಳೆಂದರೆ ಕಾರಣವಿದೆ ಎಂದುಕೊಂಡು ನಿಮ್ಮದನ್ನೇ ಹೊಡೆದೆ.

ಇಷ್ಟೇ. ನಿಮ್ಮ ಸುಳ್ಳು ನನ್ನ ಕೈಯಿಂದ ನಿಜವಾಯಿತು. ಆ ಕೈಪಿಡಿಯವರು ಕೂತು ಆಡಿ ಎಣಿಸಿದ್ದಾರೆ, ಕಂಡದ್ದನ್ನು ಅಚ್ಚು ಹಾಕಿದ್ದಾರೆ. ಯಾರೂ ಏನೂ ಕದ್ದಿರಲಿಲ್ಲ. ಈ ಕಥೆಯಲ್ಲಿ ಕಳ್ಳನೇ ಇಲ್ಲ, ಶಿಕ್ಷೆ ಮಾತ್ರ ಇದೆ.

ಈಗ ನನ್ನ ಸಂಶಯದ ಸರದಿ. ಎರಡಿವೆ. ಒಂದು: ಈ ಫೆಬ್ರವರಿಯಲ್ಲಿ ನನಗೆ ಬರೆದಾಗ ಕಾರ್ಟ್ರಿಜ್ಜಿನ ಅಂಕಿ ನಿಮಗೆ ಗೊತ್ತೇ ಇತ್ತು. ನಾನು ಹನ್ನೆರಡು ಎಂದು ಕಾರ್ಡಿನಲ್ಲಿ ಬರೆದುಕೊಟ್ಟಿದ್ದರೆ ಅದನ್ನೇ ಹಿಡಿದು ರೀಮೇಕಿನಲ್ಲಿ ಹನ್ನೆರಡೆಂದು ತಿದ್ದಿಸಿಬಿಡುತ್ತಿದ್ದಿರಿ. ತಪ್ಪು ತಿದ್ದಿದರು ಎಂದು ಜನ ಮೆಚ್ಚುತ್ತಿದ್ದರು, ನನ್ನ ಸಾಕ್ಷಿ ಸದ್ದಿಲ್ಲದೆ ಹೋಗುತ್ತಿತ್ತು.

ಎರಡನೆಯದು ಇನ್ನೂ ಕೆಟ್ಟದ್ದು. ನಮ್ಮ ಕಂಪನಿಯ ಅಧಿಕೃತ ಕೈಪಿಡಿ ಆ ವರ್ಷದ ಜುಲೈಯಲ್ಲಿ ಬಂತು, ಬರೆದವರು ನೀವು. ಅದರಲ್ಲಿ ಹನ್ನೆರಡು ಎಂದಿದೆ. ಕಾರ್ಟ್ರಿಜ್ಜಿನಲ್ಲಿ ಹದಿಮೂರು. ನಮ್ಮ ಆಟಗಾರರು ಸುಮ್ಮನಿರುವ ಜಾತಿಯವರೇ? ಕೈಪಿಡಿಯ ಹಿಂದೆ ಓದುಗರ ಕಾರ್ಡು ಹೊಲಿದು ಕೊಡುತ್ತಿದ್ದೆವು. ಎಷ್ಟು ಬಂದವು? ನಿಮಗೆ ಯಾವಾಗ ಗೊತ್ತಾಯಿತು?

ಸೆತ್ಸುವೊ

*

ಒಸಾಕಾ
೩೦ ಜೂನ್ ೨೦೧೭

ಕುರಮೋಚಿಯವರಿಗೆ,

ಪಟ್ಟಿಯನ್ನು ಮತ್ತೆ ಟೈಪು ಮಾಡಿದ ವಿಷಯ ನನಗೆ ಖಂಡಿತ ಗೊತ್ತಿರಲಿಲ್ಲ. ಓದಿದ ಮೇಲೆ ಊಟ ಸೇರಲಿಲ್ಲ. ನಿಮ್ಮ ಮಾತು ನಂಬುತ್ತೇನೆ.

ಅಂಕಿಗಳ ಬಗ್ಗೆ ಕೊನೆಯ ಸಭೆ ಆಗಸ್ಟ್ ಇಪ್ಪತ್ತೈದಕ್ಕೆ. ಅಧಿಕೃತ ಕೈಪಿಡಿಯಂತೆ ಹನ್ನೆರಡೇ ಇರಲಿ ಎಂಬುದು ಹೆಚ್ಚಿನವರ ಅಭಿಪ್ರಾಯ. ಮುರೊಯ್ ಅವರಿಗೀಗ ಎಂಬತ್ತೆರಡು. ಫೋನ್ ಮಾಡಿದ್ದರು. “ಹಳೇ ಗಾಯ ಯಾಕಮ್ಮ ಕೆರೀತೀಯ? ಹನ್ನೆರಡು ಅಂತ ತಿದ್ದು, ಕೈ ತೊಳ್ಕೊ,” ಅಂದರು.

ಓದುಗರ ಕಾರ್ಡುಗಳನ್ನು ಮಾರಾಟ ವಿಭಾಗದವರು ನೋಡಿಕೊಳ್ಳುತ್ತಿದ್ದರು. ನನಗೆ ನೆನಪಿಲ್ಲ. ಸೆಖೆ ಶುರುವಾಗಿದೆ, ಆರೋಗ್ಯ ನೋಡಿಕೊಳ್ಳಿ.

ಫುಮಿಯೆ

*

ಇಮಾಬರಿ
೪ ಜುಲೈ ೨೦೧೭, ಅಂಚೆ ಕಾರ್ಡು

ಒಂದು ಅಂಕಿಯನ್ನೂ ಮರೆಯದ ಹೆಂಗಸಿಗೆ ಇದೊಂದು ನೆನಪಿಲ್ಲ. ಪ್ರಶ್ನೆ ಹಾಗೇ ಇದೆ.

ಸೆ.

*

ಒಸಾಕಾ
೨೬ ಆಗಸ್ಟ್ ೨೦೧೭

ಕುರಮೋಚಿಯವರಿಗೆ,

ಹನ್ನೊಂದು ಕಾರ್ಡು ಬಂದಿದ್ದವು. ಮೊದಲನೆಯದು ಹಿಮೆಜಿಯ ಒಬ್ಬ ಕ್ಷೌರಿಕರದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲೇ ಆಡುತ್ತಿದ್ದರಂತೆ. ಬರೆದಿದ್ದರು: “ಅಂಬಿಗನಿಗೆ ಹನ್ನೆರಡರಲ್ಲಿ ಆ ವಿದ್ಯೆ ಬರ್ಲಿಲ್ಲ, ಹದಿಮೂರಕ್ಕೆ ಬಂತು. ನಾನು ಎಲ್ಲಾದ್ರೂ ತಪ್ಪು ಮಾಡಿದ್ನಾ? ದಯವಿಟ್ಟು ತಿಳಿಸಿ.” ಆ ಕಾರ್ಡುಗಳು ಮಾರಾಟ ವಿಭಾಗಕ್ಕೆ ಹೋಗಲಿಲ್ಲ, ನನ್ನ ಮೇಜಿಗೆ ಬಂದವು. ಬಂದದ್ದು ೧೯೯೧ರ ಆಗಸ್ಟಿನಲ್ಲಿ. ನೀವು ಹೋಗಿ ಮೂರು ತಿಂಗಳಾಗಿತ್ತು, ಕರೆದರೆ ಇನ್ನೂ ಬರುತ್ತಿದ್ದಿರಿ. ಎಣಿಸುವಾಗ ಎಡವಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೊಂದು ಜನ ಒಂದೇ ಕಡೆ ಎಡವುವುದಿಲ್ಲ, ಅದೂ ನನಗೆ ಗೊತ್ತಿತ್ತು. ಕಾರ್ಟ್ರಿಜ್ಜು ಸಿಕ್ಕಿಸಿ ನೋಡಬಹುದಿತ್ತು. ನೋಡಲಿಲ್ಲ. ಒಬ್ಬರಿಗೂ ಉತ್ತರ ಬರೆಯಲಿಲ್ಲ.

ನಿಮ್ಮ ಮೊದಲ ಸಂಶಯವೂ ಸರಿ. ನೀವು ಹನ್ನೆರಡು ಎಂದು ಬರೆಯಲಿ ಎಂದೇ ಆ ಕಾರ್ಡು ಇಟ್ಟಿದ್ದೆ.

ನಿನ್ನೆಯ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ಮುರೊಯ್ ಕೂಡ ಇದ್ದರು, ಗಾಲಿ ಕುರ್ಚಿಯಲ್ಲಿ. ಬೋನು, ಮೂರು ಹಾಳೆ, ಹನ್ನೊಂದು ಕಾರ್ಡು, ಯಾವುದನ್ನೂ ಬಿಡಲಿಲ್ಲ. ತೊಕಿವಾ ಬಹಳ ಹೊತ್ತು ಪೆನ್ನು ತಿರುಗಿಸುತ್ತಿದ್ದ. ಆಮೇಲೆ, “ಮೇಡಂ, ಹಂಗಾದ್ರೆ ಅದು ತಪ್ಪೇ ಅಲ್ಲ. ಹದಿಮೂರೇ ಇರ್ಲಿ,” ಅಂದ. ಮುರೊಯ್ ನನ್ನ ಕಡೆ ನೋಡದೆ ಮನೆಗೆ ಹೋದರು.

ಆಗ ಬೇರೆ ಕಂಪನಿಯವರು ಎಳೆದುಕೊಂಡು ಹೋದಾರೆಂದು ಆಟದ ಕೊನೆಯಲ್ಲಿ ನಮ್ಮ ನಿಜವಾದ ಹೆಸರು ಹಾಕುತ್ತಿರಲಿಲ್ಲ. ನಿಮಗೆ ‘ಕೂದಲು ಚಕ್ರವರ್ತಿ’ ಎಂಬ ಅಡ್ಡಹೆಸರಿತ್ತು, ಅದನ್ನೂ ಮರುಮುದ್ರಣದಲ್ಲಿ ತೆಗೆಸಿದ್ದರು. ಈ ಸಲ ಪೂರ್ತಿ ಹೆಸರು. ನಿಮ್ಮದು ಮೊದಲು ಬರುತ್ತದೆ. ಕ್ಷಮಿಸಿ ಎಂದು ಬರೆಯಲು ನನಗೆ ಹಕ್ಕಿಲ್ಲ, ಆದರೂ ಬರೆಯುತ್ತೇನೆ. ಕ್ಷಮಿಸಿ.

ಫುಮಿಯೆ

*

ಇಮಾಬರಿ
೧೨ ಸೆಪ್ಟೆಂಬರ್ ೨೦೧೭

ನಗಾತಾನಿಯವರೇ,

ನಿಮ್ಮ ಪತ್ರ ಓದಿ ಕಾರ್ಖಾನೆಯ ಹಿಂದೆ ಹೋಗಿ ಕೂತಿದ್ದೆ. ಸಿಟ್ಟು ಬಂತು. ಇಷ್ಟು ವರ್ಷ ನಿಮ್ಮನ್ನು ಹೇಡಿ ಎಂದುಕೊಂಡಿದ್ದೆ, ಮೋಸಗಾರ್ತಿ ಎಂದುಕೊಂಡಿರಲಿಲ್ಲ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಪತ್ರ ಕೊಟ್ಟೆ. ಓದಿ ಮಡಿಸಿ, “ಈಯಮ್ಮ ಒಂದ್ಸಲ ಇಲ್ಲಿಗೆ ಬರ್ಲಿ,” ಅಂದಳು. ನನಗೂ ಅದೇ ಸರಿಯೆನಿಸಿತು.

ಪರದೆಯ ಮೇಲೆ ಹೆಸರು ಹಾಕಿ, ಬೇಡವೆನ್ನುವುದಿಲ್ಲ. ಆದರೆ ನಲವತ್ತು ಗಂಟೆ ಆಡಿ ಮುಗಿಸಿದವರಿಗೆ ಮಾತ್ರ ಕಾಣುವ ಹೆಸರು ಅದು. ನಮ್ಮ ಅತ್ತೆಗೆ ಎಂಬತ್ತೊಂಬತ್ತು. ಅವರು ಆಡುವುದಿಲ್ಲ. ಮಾವನವರಂತೂ ಆಡುವ ಹಾಗೇ ಇಲ್ಲ. ನನ್ನ ಹೆಸರು ಕೆಟ್ಟದ್ದು ಈ ಮನೆಯಲ್ಲಿ, ತೊಳೆಯುವುದಾದರೆ ಇಲ್ಲೇ ತೊಳೆಯಬೇಕು.

ಬನ್ನಿ. ತೀರಿಕೊಂಡ ಹಿರಿಯರ ಪೂಜೆಯ ಗೂಡಿನ ಮುಂದೆ ಕೂತು, ಊದುಬತ್ತಿ ಹಚ್ಚಿ, ಮಾವನವರಿಗೆ ಕೇಳುವ ಹಾಗೆ ಬಾಯಿಬಿಟ್ಟು ಹೇಳಿ. ಅತ್ತೆ ಪಕ್ಕದಲ್ಲಿರುತ್ತಾರೆ, ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಆಮೇಲೆ ಊಟ ಮಾಡಿಕೊಂಡು ಹೋಗಿ. ಕ್ಷಮಿಸುತ್ತೇನೆಂದು ಮಾತು ಕೊಡುತ್ತಿಲ್ಲ.

ಕುರಮೋಚಿ ಸೆತ್ಸುವೊ

*

ಒಸಾಕಾ
೧೧ ಅಕ್ಟೋಬರ್ ೨೦೧೭

ಕುರಮೋಚಿಯವರಿಗೆ,

ಮೊನ್ನೆ ನಿಮ್ಮ ಮನೆಯವರು ಬಡಿಸಿದ ಮೀನಿನ ಅನ್ನ ತಿಂದು, ಬಸ್ಸಿನಲ್ಲಿ ಸೇತುವೆಗಳ ಮೇಲೆ ಕಡಲು ದಾಟಿ, ಊರು ತಲುಪಿದೆ. ದಾರಿಯುದ್ದಕ್ಕೂ ಒಂದೇ ಮಾತು ಕೊರೆಯುತ್ತಿತ್ತು, ಅದಕ್ಕೇ ಈ ಪತ್ರ.

ನಾನು ಎಲ್ಲ ಹೇಳಿ ಮುಗಿಸಿ ಗಂಟೆ ಬಾರಿಸಿದ ಮೇಲೆ ನಿಮ್ಮ ಅತ್ತೆ ಕೇಳಿದರಲ್ಲ: “ಗೊತ್ತಾದ ತಿಂಗಳೇ ಬಂದು ಹೇಳಿದ್ರೆ ನಮ್ಮೆಜಮಾನ್ರು ಕೇಳಿಸ್ಕೊತಿದ್ರು. ಯಾಕಮ್ಮ ಬರ್ಲಿಲ್ಲ?” ನಾನು, “ಧೈರ್ಯ ಬರಲಿಲ್ಲ ಅಜ್ಜಿ,” ಅಂದೆ. ಅವರು, “ಅಯ್ಯೋ, ಹೋಗ್ಲಿ ಬಿಡು ಮಗಳೇ,” ಎಂದು ನನ್ನ ಬೆನ್ನು ಸವರಿದರು. ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ. ನಿಮಗೆ ನಂಬಿಕೆ ಬರಲಿಲ್ಲ, ನನಗೆ ಗೊತ್ತಾಯಿತು. ಸತ್ತವರ ಎದುರು ಕೂತು ನಾನು ಮತ್ತೊಂದು ಸುಳ್ಳು ಹೇಳಿದ್ದೆ.

ಧೈರ್ಯದ ಮಾತೇ ಅಲ್ಲ ಅದು. ೧೯೯೧ರ ಆಗಸ್ಟ್ ಆರರಂದು ಮುರೊಯ್ ನನ್ನನ್ನು ವಿಭಾಗದ ಮುಖ್ಯಸ್ಥೆಯನ್ನಾಗಿ ಮಾಡಿದರು. ಆ ಕಂಪನಿಯಲ್ಲಿ ಹೆಂಗಸೊಬ್ಬಳಿಗೆ ಆ ಕೆಲಸ ಸಿಕ್ಕಿದ್ದು ಅದೇ ಮೊದಲು. ನಿಮ್ಮ ಕೆಲಸ ಅದು, ನಿಮ್ಮ ಮೇಜು, ಕಿಟಕಿಯ ಪಕ್ಕದ ನಿಮ್ಮ ಕುರ್ಚಿ. ಹಿಮೆಜಿಯ ಕ್ಷೌರಿಕರ ಕಾರ್ಡು ಬಂದದ್ದು ಒಂಬತ್ತನೇ ತಾರೀಕು. ನನಗೆ ಆ ಕುರ್ಚಿ ಸಿಕ್ಕಿ ಮೂರೇ ದಿನವಾಗಿತ್ತು. ಕಾರ್ಡನ್ನು ಎರಡು ಸಲ ಓದಿ, ನಿಮ್ಮ ಮೇಜಿನ ಡ್ರಾಯರಿನಲ್ಲಿಟ್ಟು, ಬೀಗ ಹಾಕಿಕೊಂಡು ಊಟಕ್ಕೆ ಹೋದೆ. ಆ ದಿನ ಹೊಟ್ಟೆ ತುಂಬ ಉಂಡೆ.

ಈ ಪತ್ರವನ್ನು ನಿಮ್ಮ ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿ.

ನಗಾತಾನಿ ಫುಮಿಯೆ